ನಿಮ್ಮ ಸಿಸ್ಟಮ್‌ಗೆ ವಯಸ್ಸಾಗಿದೆ ನಿಜ, ಕಾಯಿಲೆ ಮಾತ್ರ ಬೇರೆ

ಪ್ರಶ್ನೆ: ಸರ್, ತುಮಕೂರು ಜಿಲ್ಲೆಯ ಒಂದು ತಾಲೂಕು ಊರಲ್ಲಿ ನನ್ನದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. 2015ರಲ್ಲಿ ಮಾಡಿಸಿದ ಅಸೆಂಬಲ್ಡ್ ಸಿಸ್ಟಮ್ ಇದೆ. ಐ5-4460 ಪ್ರೊಸೆಸರ್, ಎಚ್81 ಬೋರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಲಗ್ನಪತ್ರಿಕೆ, ಕರಪತ್ರ ಎಲ್ಲ ಪೇಜ್‌ಮೇಕರ್ ಮತ್ತು ಕೋರೆಲ್‌ಡ್ರಾದಲ್ಲಿ, ಫೋಟೊ ಕೆಲಸ ಫೋಟೊಶಾಪ್‌ನಲ್ಲಿ. ಜೊತೆಗೆ ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಬರಲು ಏಳೆಂಟು ನಿಮಿಷ ಬೇಕು. ಗಿರಾಕಿ ಎದುರಿಗೆ ನಿಂತಾಗಲೇ ಹ್ಯಾಂಗ್ ಆಗುತ್ತದೆ. ಹೋದ ವರ್ಷ ಇದ್ದ 4 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 4 ಜಿಬಿ ಹಾಕಿಸಿದೆ, ಒಂದು ಚೂರೂ ವ್ಯತ್ಯಾಸ ಆಗಲಿಲ್ಲ. ಪ್ರಾಪರ್ಟೀಸ್‌ನಲ್ಲಿ 8 ಜಿಬಿ ಎಂದು ತೋರಿಸಿ ಪಕ್ಕದಲ್ಲಿ ‘3.4 ಜಿಬಿ ಯೂಸಬಲ್’ ಎಂದು ಬರುತ್ತದೆ. ಲೇಸರ್ ಪ್ರಿಂಟರ್‌ಗೆ ಪ್ರಿಂಟ್ ಕೊಟ್ಟಾಗ ಕೆಲವು ಸಲ ಸಿಸ್ಟಮ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಕೆಲವು ದಿನ ಬೆಳಿಗ್ಗೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಅವತ್ತು ಸರ್ಕಾರಿ ವೆಬ್‌ಸೈಟ್‌ಗಳು ತೆರೆಯುವುದೇ ಇಲ್ಲ. ಕಂಪ್ಯೂಟರ್ ಅಂಗಡಿಯವರು ‘ಎಲ್ಲ ಬದಲಿಸಿ, 48,000 ಆಗುತ್ತೆ, ಹಳೆಯದಕ್ಕೆ 3,000 ಕಳೀತೀನಿ’ ಎನ್ನುತ್ತಾರೆ. ಸ್ನೇಹಿತರೊಬ್ಬರು ಐ7 ಹಾಕಿಸು ಎನ್ನುತ್ತಾರೆ. ಮಗ ಗ್ರಾಫಿಕ್ಸ್ ಕಾರ್ಡ್ ಹಾಕಿಸು ಅಂತ ಹಟ. ಇದರ ಮೇಲೆ ವಿಂಡೋಸ್ 10 ಬೇರೆ ನಿಂತುಹೋಯಿತಂತೆ. ಯಾವುದಕ್ಕೆ ದುಡ್ಡು ಹಾಕಲಿ?

ಉತ್ತರ: ಮೊದಲಿಗೆ ಒಂದು ಥ್ಯಾಂಕ್ಸ್. ಹತ್ತರಲ್ಲಿ ಒಂಬತ್ತು ಜನ ‘ಸಿಸ್ಟಮ್ ಸ್ಲೋ ಇದೆ, ಏನ್ ಮಾಡ್ಲಿ’ ಎಂದು ಕೇಳಿ ಸುಮ್ಮನಾಗುತ್ತಾರೆ. ನೀವು ಬೋರ್ಡ್ ಹೆಸರಿನಿಂದ ಹಿಡಿದು ಪರದೆಯ ಮೇಲೆ ಏನು ಬರುತ್ತದೆ ಎನ್ನುವವರೆಗೆ ಬರೆದಿದ್ದೀರಿ. ಅದರಿಂದಲೇ ಅರ್ಧ ಕೆಲಸ ಮುಗಿಯಿತು. ನಿಮಗೆ ಸಲಹೆ ಕೊಟ್ಟ ಮೂವರೂ ನಿಮ್ಮ ಪತ್ರವನ್ನು ಎರಡು ಸಲ ಓದಿದ್ದರೆ ಆ ಸಲಹೆ ಕೊಡುತ್ತಿರಲಿಲ್ಲ ಎಂದು ನನಗನಿಸುತ್ತದೆ.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ. ಸಿಸ್ಟಮ್‌ಗೆ ಹತ್ತು ವರ್ಷ ದಾಟಿದೆ, ಅಲ್ಲೊಂದು ಇಲ್ಲೊಂದು ತೊಂದರೆ ಶುರುವಾಗಿದೆ. ಇದಕ್ಕೆ ಇನ್ನು ದುಡ್ಡು ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತದೋ, ಇಲ್ಲ ಒಂದೆರಡು ಭಾಗ ಬದಲಿಸಿದರೆ ಇನ್ನೂ ನಾಲ್ಕು ದಿನ ನಡೆಯುತ್ತದೋ ಎನ್ನುವುದು. ನನ್ನ ಕಣ್ಣಿಗೆ ಇಲ್ಲಿ ಕಾಣುವುದು ಒಂದು ಮುದಿ ಕಂಪ್ಯೂಟರ್ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಬಂದು ಕೂತಿವೆ. ಅದರಲ್ಲಿ ಎರಡಕ್ಕೆ ಹೆಚ್ಚು ಕಮ್ಮಿ ದುಡ್ಡೇ ಬೇಡ.

ಸುಲಭದ್ದನ್ನು ಮೊದಲು ಮುಗಿಸೋಣ. ತಾರೀಖು ಹಿಂದಕ್ಕೆ ಹೋಗುವುದು. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಖಾಲಿಯಾಗಿದೆ. ರಾತ್ರಿ ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡಿ ಹೋದ ದಿನ ತಾರೀಖು ತಪ್ಪುತ್ತದೆ, ಮಾಡದ ದಿನ ತಪ್ಪುವುದಿಲ್ಲ. ‘ಕೆಲವು ದಿನ’ ಅಂದಿರಲ್ಲ, ಅದು ಇದೇ. ವೆಬ್‌ಸೈಟ್ ಯಾಕೆ ತೆರೆಯುವುದಿಲ್ಲ ಅಂದರೆ, ಪ್ರತಿ ಸುರಕ್ಷಿತ ವೆಬ್‌ಸೈಟ್‌ಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ನಿಮ್ಮ ಸಿಸ್ಟಮ್ ತಾನಿನ್ನೂ ಹಳೇ ಕಾಲದಲ್ಲೇ ಇದ್ದೇನೆ ಎಂದುಕೊಂಡಾಗ ಆ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಬ್ರೌಸರ್ ಬಾಗಿಲು ಹಾಕುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲಿ ಒಂದು ತಟ್ಟೆ ಇಡ್ಲಿ ದುಡ್ಡಿಗೆ ಆ ಸೆಲ್ ಸಿಗುತ್ತದೆ. ನೀವೇ ಹಾಕಬಹುದು, ಪ್ಲಗ್ ಕಿತ್ತು ಹಾಕಿ ಅಷ್ಟೇ.

ಎರಡನೆಯದು, ಪ್ರಿಂಟ್ ಕೊಟ್ಟಾಗ ರೀಸ್ಟಾರ್ಟ್ ಆಗುವುದು. ಬರೆದಿಲ್ಲ ನೀವು, ಆದರೂ ಹೇಳುತ್ತೇನೆ ನೋಡಿ: ಲೇಸರ್ ಪ್ರಿಂಟರ್ ಪ್ಲಗ್ ಯುಪಿಎಸ್ ಹಿಂದೆ ಚುಚ್ಚಿದ್ದೀರಿ, ಅಲ್ವಾ? ಡಿಟಿಪಿ ಅಂಗಡಿಗಳಲ್ಲಿ ನಾನು ಅತಿ ಹೆಚ್ಚು ನೋಡಿದ ತಪ್ಪು ಇದು. ಲೇಸರ್ ಪ್ರಿಂಟರ್ ಒಳಗೆ ಪುಡಿಯನ್ನು ಕಾಗದಕ್ಕೆ ಅಂಟಿಸಲು ಒಂದು ಬಿಸಿ ರೋಲರ್ ಇದೆ. ಅದು ಕಾಯುವ ಹೊತ್ತಿಗೆ ಇಸ್ತ್ರಿ ಪೆಟ್ಟಿಗೆ ಥರ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ. ಸಾಮಾನ್ಯವಾಗಿ ಅಂಗಡಿಗಳಲ್ಲಿ ಇರುವ 600 ವಿಎ ಯುಪಿಎಸ್ ನಿಜವಾಗಿ ಕೊಡಬಲ್ಲದ್ದು ಸುಮಾರು 360 ವ್ಯಾಟ್. ಅದು ತಡೆಯಲಾರದೆ ಒಂದು ಕ್ಷಣ ಕೈಬಿಡುತ್ತದೆ, ಸಿಸ್ಟಮ್ ರೀಸ್ಟಾರ್ಟ್. ಪ್ರಿಂಟರನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ಒಂದು ವಾರ ನೋಡಿ. ಖರ್ಚು ಸೊನ್ನೆ. ಯುಪಿಎಸ್ ಬ್ಯಾಟರಿ ಬದಲಿಸಿ ಮೂರು ವರ್ಷ ಆಗಿದ್ದರೆ ಅದನ್ನೂ ಬದಲಿಸಿ, ಆ 12 ವೋಲ್ಟ್ 7 ಎಎಚ್ ಬ್ಯಾಟರಿಗಳ ಆಯಸ್ಸೇ ಎರಡು ಮೂರು ವರ್ಷ.

ಪ್ರಿಂಟರ್ ಬೇರೆ ಮಾಡಿದ ಮೇಲೂ ರೀಸ್ಟಾರ್ಟ್ ಆದರೆ ಆಗ ಡಬ್ಬದ ಒಳಗೆ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಬೇಕು. ಅದರ ಮಾತು ಆಮೇಲೆ.

ಈಗ ಆ 3.4 ಜಿಬಿ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಬೇಜಾರಾದ ಸಾಲು ಇದು. ನೀವು ದುಡ್ಡು ಕೊಟ್ಟು ಕೊಂಡ ರ‍್ಯಾಮ್ ಒಂದು ವರ್ಷದಿಂದ ಸಿಸ್ಟಮ್ ಒಳಗೆ ಮಲಗಿದೆ. ಕಾರಣ, ನಿಮ್ಮದು 32-ಬಿಟ್ ವಿಂಡೋಸ್. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು ಸುಮಾರು 429 ಕೋಟಿ, ಅಂದರೆ 4 ಜಿಬಿ. ಊರಲ್ಲಿ ಎಂಟು ಬೀದಿ ಇದ್ದು ಪೋಸ್ಟ್‌ಮ್ಯಾನ್‌ಗೆ ನಾಲ್ಕೇ ಬೀದಿಯ ಹೆಸರು ಗೊತ್ತಿದ್ದರೆ ಉಳಿದ ನಾಲ್ಕು ಬೀದಿಗೆ ಕಾಗದ ಹೋಗುವುದಾದರೂ ಹೇಗೆ. ಆ ನಾಲ್ಕರಲ್ಲೂ ಒಂದಿಷ್ಟು ವಿಳಾಸವನ್ನು ಬೋರ್ಡಿನ ಬೇರೆ ಭಾಗಗಳಿಗೆ ಎತ್ತಿಡಬೇಕು. ಉಳಿದದ್ದು 3.4. ರ‍್ಯಾಮ್ ಹಾಕಿದವರು ಬೋಲ್ಟ್ ಬಿಗಿಮಾಡಿ ಹೋದರೇ ಹೊರತು ಇದನ್ನು ನೋಡಲಿಲ್ಲ. ಯಾವುದೋ ಕಾಲದಲ್ಲಿ ಪೇಜ್‌ಮೇಕರ್‌ಗೋ ಹಳೆಯ ಪ್ರಿಂಟರ್‌ಗೋ ತೊಂದರೆ ಆಗದಿರಲಿ ಅಂತ ಯಾರೋ 32-ಬಿಟ್ ಹಾಕಿರುತ್ತಾರೆ, ಅದೇ ಮುಂದುವರಿದಿದೆ. ನಮ್ಮ ಕಡೆ ಫಾರ್ಮ್ಯಾಟ್ ಹೊಡೆಯುವವರ ಬಳಿ ಒಂದು ಪೆನ್‌ಡ್ರೈವ್ ಇರುತ್ತದೆ, ಅದರಲ್ಲಿ ಏನಿದೆಯೋ ಅದೇ ಎಲ್ಲರಿಗೂ.

ನಿಮ್ಮ ಪ್ರೊಸೆಸರ್ 64-ಬಿಟ್ಟೇ. 64-ಬಿಟ್ ವಿಂಡೋಸ್ ಹಾಕಿದ ದಿನ ಪೂರ್ತಿ 8 ಜಿಬಿ ಎದ್ದು ಕೂರುತ್ತದೆ. ನಿಮ್ಮದು ಅಸಲಿ ಲೈಸೆನ್ಸ್ ಆಗಿದ್ದರೆ ಅದೇ ಆವೃತ್ತಿಯ 64-ಬಿಟ್‌ಗೂ ಅದೇ ಸಾಕು. ಆದರೆ ಇದನ್ನು ಇವತ್ತೇ ಮಾಡಬೇಡಿ. 32ರಿಂದ 64ಕ್ಕೆ ಹೋಗಲು ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಅದನ್ನು ಹಳೆಯ ಹಾರ್ಡ್ ಡಿಸ್ಕ್ ಮೇಲೆ ಮಾಡಿದರೆ ಒಂದೇ ಕೆಲಸ ಎರಡು ಸಲ ಮಾಡಿದ ಹಾಗಾಗುತ್ತದೆ.

ಯಾಕೆಂದರೆ ನಾಲ್ಕನೆಯ ತೊಂದರೆ ಆ ಹಾರ್ಡ್ ಡಿಸ್ಕೇ. ನಿಮ್ಮ ಏಳೆಂಟು ನಿಮಿಷ ಹೋಗುತ್ತಿರುವುದು ಅಲ್ಲಿ. ನನ್ನ ಮಾತು ನಂಬಬೇಡಿ, ನೀವೇ ನೋಡಿ. ಬೆಳಿಗ್ಗೆ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ, ಪರ್ಫಾರ್ಮೆನ್ಸ್ ಮೇಲೆ ಕ್ಲಿಕ್ ಮಾಡಿ. ಸಿಪಿಯು, ಮೆಮೊರಿ, ಡಿಸ್ಕ್ ಮೂರಕ್ಕೂ ಬೇರೆ ಬೇರೆ ಲೆಕ್ಕ ಕಾಣುತ್ತದೆ. ಅಂದ ಹಾಗೆ ನಮ್ಮಲ್ಲಿ ಇಡೀ ಡಬ್ಬಕ್ಕೇ ಸಿಪಿಯು ಅನ್ನುವ ರೂಢಿ ಇದೆ, ಇಲ್ಲಿ ಸಿಪಿಯು ಅಂದರೆ ಪ್ರೊಸೆಸರ್ ಮಾತ್ರ. ಡಿಸ್ಕ್ 100 ಪರ್ಸೆಂಟ್‌ನಲ್ಲಿ ಅಲ್ಲಾಡದೆ ನಿಂತಿರುತ್ತದೆ, ಸಿಪಿಯು ಇಪ್ಪತ್ತು ಮೂವತ್ತರಲ್ಲಿ ಆಟ ಆಡಿಕೊಂಡಿರುತ್ತದೆ. ಹ್ಯಾಂಗ್ ಆದಾಗಲೂ ಇದನ್ನೇ ನೋಡಿ. ಗಿರಾಕಿ ಎದುರಿಗಿದ್ದರೂ ಹತ್ತು ಸೆಕೆಂಡು ಬಿಡುವು ಮಾಡಿಕೊಂಡು ನೋಡಿ, ಯಾವುದು ನೂರಕ್ಕೆ ಹೋಗಿದೆಯೋ ಅದೇ ನಿಮ್ಮ ಕಾಯಿಲೆ.

ಯಾಕೆ ಹೀಗೆ? ನಿಮ್ಮ ಹಾರ್ಡ್ ಡಿಸ್ಕ್ ಒಳಗೆ ಗ್ರಾಮೊಫೋನ್ ತಟ್ಟೆಯಂತೆ ತಟ್ಟೆ ತಿರುಗುತ್ತದೆ. ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಸೆಕೆಂಡಿಗೆ 120. ಬೇಕಾದ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೆ ನಾಲ್ಕು ಮಿಲಿಸೆಕೆಂಡು. ಮುಳ್ಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಲು ಇನ್ನೂ ಎಂಟೊಂಬತ್ತು. ಲೆಕ್ಕ ಹಾಕಿದರೆ ಅಲ್ಲಿ ಇಲ್ಲಿ ಚದುರಿದ ಸಣ್ಣ ಸಣ್ಣ ಚೂರುಗಳನ್ನು ಸೆಕೆಂಡಿಗೆ ಎಪ್ಪತ್ತು ಎಂಬತ್ತು ಸಲವಷ್ಟೇ ತಂದುಕೊಡಲು ಸಾಧ್ಯ. ವಿಂಡೋಸ್ ಎದ್ದೇಳುವಾಗ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ. ತಾಲೂಕು ಕಚೇರಿಯ ರೆಕಾರ್ಡ್ ರೂಮ್ ನೆನೆಸಿಕೊಳ್ಳಿ. ಟೇಬಲ್ ಮುಂದೆ ಕೂತ ಗುಮಾಸ್ತ ಎಷ್ಟೇ ಚುರುಕಾಗಿರಲಿ, ಒಂದೊಂದು ಹಾಳೆಗೂ ಒಳಗೆ ಹೋಗಿ ಕಟ್ಟು ಬಿಚ್ಚಿ ತರುವವನು ಒಬ್ಬನೇ ಮುದುಕನಾದರೆ ಕ್ಯೂ ಹೊರಗಿನ ರಸ್ತೆವರೆಗೂ ಬೆಳೆಯುತ್ತದೆ. ನಿಮ್ಮ ಸ್ನೇಹಿತರು ಹೇಳುವ ಐ7 ಅಂದರೆ ಗುಮಾಸ್ತನನ್ನು ಬದಲಿಸುವುದು. ಮುದುಕ ಅಲ್ಲೇ ಇರುತ್ತಾನೆ.

ರ‍್ಯಾಮ್ ಕಮ್ಮಿ ಇದ್ದರೆ ಇದು ಇನ್ನೂ ಹದಗೆಡುತ್ತದೆ. 3.4 ಜಿಬಿ ತುಂಬಿದ ಕೂಡಲೇ ವಿಂಡೋಸ್ ಹೆಚ್ಚಾದದ್ದನ್ನು ಹಾರ್ಡ್ ಡಿಸ್ಕ್ ಮೇಲೆ ತಾತ್ಕಾಲಿಕವಾಗಿ ಬರೆದಿಡುತ್ತದೆ, ಬೇಕಾದಾಗ ಮತ್ತೆ ಓದುತ್ತದೆ. ಮೊದಲೇ ಸುಸ್ತಾದವನ ತಲೆ ಮೇಲೆ ಇನ್ನೊಂದು ಮೂಟೆ. ಇಲ್ಲಿ ಪೇಜ್‌ಮೇಕರನ್ನು ಬೈಯಬೇಡಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಆಗ 128 ಎಂಬಿ ರ‍್ಯಾಮ್ ಇದ್ದರೆ ಒಳ್ಳೆಯ ಸಿಸ್ಟಮ್ ಎನ್ನುತ್ತಿದ್ದರು. ನಿಮ್ಮ ರ‍್ಯಾಮ್ ತಿನ್ನುತ್ತಿರುವುದು ಬ್ರೌಸರ್. ಅರ್ಜಿ ತುಂಬಲು ತೆರೆದ ಹದಿನೈದು ಟ್ಯಾಬ್ ಮುಚ್ಚದೆ ಕೋರೆಲ್‌ಡ್ರಾ ತೆಗೆದರೆ ಹ್ಯಾಂಗ್ ಆಗದೆ ಇನ್ನೇನು.

ಹಾಗಾಗಿ ದುಡ್ಡು ಹಾಕಬೇಕಾದ ಮೊದಲ ಜಾಗ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್ ಕೆಲಸವನ್ನೇ ಚಿಪ್‌ಗಳಲ್ಲಿ ಮಾಡುವ ಡಿಸ್ಕ್. ಇದರಲ್ಲಿ ತಿರುಗುವ ತಟ್ಟೆ ಇಲ್ಲ, ಆ ಎಪ್ಪತ್ತು ಎಂಬತ್ತರ ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಚೂರು ಬರುತ್ತವೆ. ನಿಮ್ಮ ಬೋರ್ಡ್‌ಗೆ ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಈಗಿನ ಹಾರ್ಡ್ ಡಿಸ್ಕ್‌ನಂಥದ್ದೇ ವೈರ್‌ಗೆ ಸೇರುವಂಥದ್ದು. ಅಂಗಡಿಯಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎನ್‌ವಿಎಂಇ ತೋರಿಸಿ ಇದು ಇನ್ನೂ ಫಾಸ್ಟ್ ಎಂದರೆ ಬೇಡ ಎನ್ನಿ, ಎಚ್81 ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗವೇ ಇರುವುದಿಲ್ಲ. ಎಚ್81ರಲ್ಲಿ ನಾಲ್ಕು ಸಾಟಾ ಪೋರ್ಟ್ ಇವೆ, ಎರಡು ಮಾತ್ರ 6 ಜಿಬಿಪಿಎಸ್ ವೇಗದವು, ಉಳಿದೆರಡು ಅದರ ಅರ್ಧ. ಬೋರ್ಡ್ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಎಸ್‌ಎಸ್‌ಡಿ ವೈರ್ ವೇಗದ ಪೋರ್ಟ್‌ಗೇ ಹೋಗಲಿ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್‌ನಲ್ಲಿ, ಸಾಟಾ ಮೋಡ್ ಎಎಚ್‌ಸಿಐ ಇದೆಯೇ ನೋಡಿ, ಹಳೆಯ ಸಿಸ್ಟಮ್‌ಗಳಲ್ಲಿ ಕೆಲವು ಸಲ ಐಡಿಇ ಎನ್ನುವ ಹಳೆಯ ಮೋಡ್‌ನಲ್ಲೇ ಬಿಟ್ಟಿರುತ್ತಾರೆ.

‘ಎಸ್‌ಎಸ್‌ಡಿ ಬೇಗ ಸಾಯುತ್ತದಂತೆ’ ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅರ್ಧ ಸುಳ್ಳು, ಅರ್ಧ ನಿಜ. ಬರೆದು ಬರೆದು ಸವೆಯುತ್ತದೆ ಎನ್ನುವುದು ನಿಮ್ಮ ಮಟ್ಟಿಗೆ ಲೆಕ್ಕಕ್ಕೇ ಬರುವುದಿಲ್ಲ. 150 ಟಿಬಿ ಬರೆಯುವವರೆಗೆ ಗ್ಯಾರಂಟಿ ಇರುವ ಎಸ್‌ಎಸ್‌ಡಿಗೆ ನೀವು ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ ಏಳು ಟಿಬಿ ಚಿಲ್ಲರೆ ಆಗುತ್ತದೆ, ಇಪ್ಪತ್ತು ವರ್ಷ ಬೇಕು. ನಿಜವಾದ ಅರ್ಧ ಏನೆಂದರೆ, ಹಾರ್ಡ್ ಡಿಸ್ಕ್ ಸಾಯುವ ಮೊದಲು ಬಹಳ ಸಲ ಟಕ್ ಟಕ್ ಅಂತ ಸದ್ದು ಮಾಡಿ ಸೂಚನೆ ಕೊಡುತ್ತದೆ, ಎಸ್‌ಎಸ್‌ಡಿ ಸಾಯುವುದಾದರೆ ಒಂದು ಬೆಳಿಗ್ಗೆ ಸುಮ್ನೆ ಕಾಣೆಯಾಗುತ್ತದೆ, ಒಳಗಿದ್ದದ್ದನ್ನು ಹೊರತೆಗೆಯುವುದು ಬಹಳ ಕಷ್ಟ. ಅದಕ್ಕೇ ಹೇಳುತ್ತೇನೆ, ವಿಂಡೋಸ್ ಮತ್ತು ಪ್ರೋಗ್ರಾಂಗಳು ಎಸ್‌ಎಸ್‌ಡಿ ಮೇಲಿರಲಿ, ಲಗ್ನಪತ್ರಿಕೆ ಡಿಸೈನ್‌ಗಳು ಎರಡು ಕಡೆ ಇರಲಿ. ಬಿಲ್ ಇಲ್ಲದ, ಹೆಸರೇ ಕೇಳದ ಕಂಪನಿಯ, ನಂಬಲಾಗದಷ್ಟು ಅಗ್ಗದ ಎಸ್‌ಎಸ್‌ಡಿ ಬೇಡ. ಮೂರು ಅಥವಾ ಐದು ವರ್ಷ ವಾರಂಟಿ ಇರುವುದನ್ನು ಬಿಲ್ ಜೊತೆಗೆ ತೆಗೆದುಕೊಳ್ಳಿ. ಒಂದು ಎಚ್ಚರಿಕೆ: ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿತು, ರ‍್ಯಾಮ್ ಎಸ್‌ಎಸ್‌ಡಿ ಎರಡಕ್ಕೂ ಬಿಸಿ ತಟ್ಟಿದೆ. ಯಾರೋ ಎರಡು ವರ್ಷದ ಹಿಂದೆ ಕೊಟ್ಟ ಬೆಲೆ ಹಿಡಿದುಕೊಂಡು ಚೌಕಾಸಿ ಮಾಡಬೇಡಿ, ಆ ದಿನ ಎರಡು ಮೂರು ಕಡೆ ವಿಚಾರಿಸಿ. 500 ಜಿಬಿ ದುಬಾರಿ ಅನಿಸಿದರೆ 256 ಸಾಕು.

ಕೊಳ್ಳುವ ಮೊದಲು ಇನ್ನೊಂದು ಕೆಲಸ. ಹತ್ತು ವರ್ಷ ತಿರುಗಿದ ಆ ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎನ್ನುವ ಉಚಿತ ಪ್ರೋಗ್ರಾಂ ಸಿಗುತ್ತದೆ. ನೀಲಿ ಬಣ್ಣದಲ್ಲಿ ಗುಡ್ ಎಂದಿದ್ದರೆ ಸರಿ. ಹಳದಿ ಬಂದರೆ, ಅಂದರೆ ಕೆಟ್ಟ ಸೆಕ್ಟರ್‌ಗಳ ಲೆಕ್ಕ ಶುರುವಾಗಿದ್ದರೆ, ಈ ಲೇಖನ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಎಲ್ಲ ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ನನ್ನ ಹತ್ತಿರ ಒಬ್ಬರು ಹನ್ನೆರಡು ವರ್ಷದ ಡಿಸೈನ್ ಇದ್ದ ಡಿಸ್ಕ್ ತಂದು ಟೇಬಲ್ ಮೇಲಿಟ್ಟು ಅಲ್ಲೇ ಕೂತುಬಿಟ್ಟಿದ್ದರು. ಒಂದು ಫೈಲೂ ಬರಲಿಲ್ಲ. ಅವರು ಹಳೇ ಪತ್ರಿಕೆಗಳ ಪ್ರಿಂಟ್ ನೋಡಿ ಮತ್ತೆ ಟೈಪ್ ಮಾಡಿದರು.

ಹಾಕುವ ಕ್ರಮ ಹೇಳುತ್ತೇನೆ, ಇದರಲ್ಲಿ ಒಂದು ಚಿಕ್ಕ ಉಪಾಯ ಇದೆ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಹಳೆಯ ಹಾರ್ಡ್ ಡಿಸ್ಕ್‌ನ ವೈರ್ ಕಿತ್ತಿಡಿ. ಬಿಟ್ಟರೆ ಬೂಟ್ ಆಗುವ ಭಾಗ ಹಳೆಯದರ ಮೇಲೇ ಹೋಗಿ ಕೂರುವ ಸಾಧ್ಯತೆ ಇದೆ, ಮುಂದೆ ಅದನ್ನು ತೆಗೆದ ದಿನ ಸಿಸ್ಟಮ್ ಏಳುವುದಿಲ್ಲ. ಕಿತ್ತಿಡುವುದರಿಂದ ಇನ್ನೊಂದು ಲಾಭ: ಹಳೆಯ ವಿಂಡೋಸ್ ಹಾಗೇ ಉಳಿದಿರುತ್ತದೆ. ಹೊಸದರಲ್ಲಿ ಏನಾದರೂ ಕೈಕೊಟ್ಟರೆ ವೈರ್ ಬದಲಿಸಿ, ಮರುದಿನ ಬೆಳಿಗ್ಗೆ ಅಂಗಡಿ ಎಂದಿನಂತೆ ನಡೆಯುತ್ತದೆ. ಹೊಸದರಲ್ಲಿ ಒಂದು ವಾರ ಕೆಲಸ ಮಾಡಿ, ಎಲ್ಲ ಸರಿ ಎನಿಸಿದ ಮೇಲೆ ಹಳೆಯದನ್ನು ಜೋಡಿಸಿ.

ಕೈಕೊಡುವುದು ಏನು? ಕನ್ನಡ ಡಿಟಿಪಿಯವರಿಗೆ ಮೂರು ವಿಷಯ. ನುಡಿಯಂಥ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಫೈಲ್‌ಗಳು ಆ ಫಾಂಟ್ ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗಿ ತೆರೆಯುತ್ತವೆ. ಗಾಬರಿ ಆಗಬೇಡಿ, ಫೈಲ್ ಹಾಳಾಗಿರುವುದಿಲ್ಲ. ಹಳೆಯ ಸಿಸ್ಟಮ್‌ನ ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಇಟ್ಟುಕೊಂಡಿರಿ. ಎರಡನೆಯದು ಡಾಂಗಲ್. ನಿಮ್ಮ ಕನ್ನಡ ತಂತ್ರಾಂಶಕ್ಕೆ ಹಿಂದೆ ಚುಚ್ಚುವ ಬೀಗದಂಥ ಡಾಂಗಲ್ ಇದ್ದರೆ ಅದರ 64-ಬಿಟ್ ಡ್ರೈವರ್ ಸಿಗುತ್ತದೆಯೇ ಎಂದು ಫಾರ್ಮ್ಯಾಟ್‌ಗೆ ಮೊದಲೇ ಕಂಪನಿಗೆ ಫೋನ್ ಮಾಡಿ ಕೇಳಿ. ಪ್ರಿಂಟರ್, ಸ್ಕ್ಯಾನರ್‌ಗೂ ಇದೇ ಮಾತು. ಮೂರನೆಯದು, 64-ಬಿಟ್ ವಿಂಡೋಸ್‌ನಲ್ಲಿ 16-ಬಿಟ್ ಪ್ರೋಗ್ರಾಂ ನಡೆಯುವುದೇ ಇಲ್ಲ, ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂ ಏನಾದರೂ ಇನ್ನೂ ಬಳಸುತ್ತಿದ್ದರೆ ಅದು ನಿಲ್ಲುತ್ತದೆ. ಈ ಎಲ್ಲ ಕೆಲಸ ಲಗ್ನದ ಸೀಸನ್‌ನಲ್ಲಿ ಹಚ್ಚಿಕೊಳ್ಳಬೇಡಿ. ಆಷಾಢ ಬರಲಿ.

ಡಬ್ಬ ಹೇಗೂ ಬಿಚ್ಚಿರುತ್ತೀರಿ, ಬ್ಲೋವರ್‌ನಿಂದ ಧೂಳು ಊದಿಸಿ. ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು ಊದಿ, ಇಲ್ಲದಿದ್ದರೆ ಗಿರಗಿಟ್ಲೆ ಥರ ತಿರುಗಿ ಅದರ ಬೇರಿಂಗ್ ಹೋಗುತ್ತದೆ. ಪ್ರೊಸೆಸರ್ ಮೇಲಿನ, ಬಿಸಿಯನ್ನು ಫ್ಯಾನ್ ಕಡೆಗೆ ದಾಟಿಸುವ ಪೇಸ್ಟ್ ಹತ್ತು ವರ್ಷಕ್ಕೆ ಒಣಗಿ ಸುಣ್ಣ ಆಗಿರುತ್ತದೆ, ಹೊಸದು ಹಚ್ಚಿಸಿ. ಈ ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದರೆ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ಫ್ಯಾನ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಸಡಿಲವಾಗಿದ್ದರೂ ಹೀಗಾಗುತ್ತದೆ.

ಈಗ ಸಲಹೆ ಕೊಟ್ಟವರ ಕಡೆ ಬರೋಣ. ನಾನು ಇಂಥ ಪ್ರಶ್ನೆಗೆ ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಹಳೇ ಸಿಸ್ಟಮ್ ಅಂದರೆ ಬಾಡಿಗೆ ಮನೆ. ಬಾಡಿಗೆ ಮನೆಗೆ ಫ್ಯಾನ್ ಕೊಳ್ಳುತ್ತೇವೆ, ಗ್ಯಾಸ್ ಒಲೆ ಕೊಳ್ಳುತ್ತೇವೆ, ಬಿಡುವಾಗ ಕಿತ್ತುಕೊಂಡು ಹೋಗಬಹುದು. ನೆಲಕ್ಕೆ ಹೊಸ ಟೈಲ್ಸ್ ಯಾರೂ ಹಾಕಿಸುವುದಿಲ್ಲ. ಎಸ್‌ಎಸ್‌ಡಿ, ಯುಪಿಎಸ್, ಒಳ್ಳೆಯ ಎಸ್‌ಎಂಪಿಎಸ್, ಮಾನಿಟರ್ ಇವೆಲ್ಲ ಫ್ಯಾನ್ ಮತ್ತು ಒಲೆ. ನಾಳೆ ಹೊಸ ಸಿಸ್ಟಮ್ ಮಾಡಿಸಿದರೂ ಅದಕ್ಕೆ ಹೋಗುತ್ತವೆ. ನಿಮ್ಮ ಬೋರ್ಡ್‌ನ ಹಳೆಯ ಮಾದರಿಯ ಡಿಡಿಆರ್3 ರ‍್ಯಾಮ್, ಅದರ ಸಾಕೆಟ್‌ಗೆ ಕೂರುವ ಐ7 ಇವು ಟೈಲ್ಸ್, ಹೊಸ ಸಿಸ್ಟಮ್‌ಗೆ ಹೋಗುವುದಿಲ್ಲ.

ಐ7-4790ನ್ನೇ ನೋಡಿ. ಈಗ ಸೆಕೆಂಡ್ ಹ್ಯಾಂಡ್ ಬಿಟ್ಟು ಬೇರೆ ಸಿಗುವುದಿಲ್ಲ. ನಿಮ್ಮ ಐ5 ಗರಿಷ್ಠ 3.4 ಗಿಗಾಹರ್ಟ್ಸ್, ಅದು 4. ಪೇಜ್‌ಮೇಕರ್‌ನಂಥ ಹಳೆಯ ಪ್ರೋಗ್ರಾಂಗಳು ಒಂದೇ ಕೋರ್ ಬಳಸುತ್ತವೆ, ಅಲ್ಲಿ ನಿಮಗೆ ಸಿಗುವ ಲಾಭ ನೂರಕ್ಕೆ ಹದಿನೆಂಟರ ಸುತ್ತಮುತ್ತ, ಕಣ್ಣಿಗೆ ಗೊತ್ತಾಗುವುದೂ ಕಷ್ಟ. ವಿಡಿಯೊ ಎಡಿಟಿಂಗ್ ಮಾಡುವವರಾಗಿದ್ದರೆ ಮಾತು ಬೇರೆ.

ರ‍್ಯಾಮ್ ನಿಮ್ಮ ಹತ್ತಿರ ಈಗಾಗಲೇ 8 ಜಿಬಿ ಇದೆ. ಮುಂದೆ ಎಂದಾದರೂ ಆನ್‌ಲೈನ್‌ನಲ್ಲಿ ಡಿಡಿಆರ್3 ಹುಡುಕುವಾಗ ತೀರಾ ಅಗ್ಗದ್ದು ಕಂಡರೆ ವಿವರ ಓದಿ, ಎಎಂಡಿ ಬೋರ್ಡ್‌ಗೆ ಮಾತ್ರ ಎಂದು ಎಲ್ಲೋ ಮೂಲೆಯಲ್ಲಿ ಬರೆದಿರುತ್ತದೆ. ಅದು ನಿಮ್ಮ ಇಂಟೆಲ್ ಬೋರ್ಡ್‌ನಲ್ಲಿ ಏಳುವುದಿಲ್ಲ. ಇನ್ನು ರ‍್ಯಾಮ್ ಬಿಚ್ಚಿದಾಗ ಪೆನ್ಸಿಲ್ ರಬ್ಬರ್‌ನಿಂದ ಚಿನ್ನದ ಬಣ್ಣದ ಅಂಚು ಉಜ್ಜುವ ನಮ್ಮೂರ ಪದ್ಧತಿ ಇದೆಯಲ್ಲ, ನಗಬೇಡಿ, ನಾನೂ ಮಾಡುತ್ತೇನೆ, ಬಹಳ ಸಲ ಕೆಲಸ ಮಾಡುತ್ತದೆ.

ಗ್ರಾಫಿಕ್ಸ್ ಕಾರ್ಡ್ ವಿಷಯ ಮಗನಿಗೆ ಬೇಜಾರಾಗದಂತೆ ಹೇಳುವುದು ಹೇಗೋ ಗೊತ್ತಿಲ್ಲ. ನಿಮ್ಮ ಪ್ರೊಸೆಸರ್ ಒಳಗೇ ಎಚ್‌ಡಿ 4600 ಎನ್ನುವ ಗ್ರಾಫಿಕ್ಸ್ ಇದೆ, ಲಗ್ನಪತ್ರಿಕೆ ಡಿಸೈನ್‌ಗೆ ಅದು ಸಾಕು. ಡಬ್ಬದ ಮೇಲೆ 4 ಜಿಬಿ ಎಂದು ದೊಡ್ಡದಾಗಿ ಬರೆದ ಅಗ್ಗದ ಕಾರ್ಡ್‌ಗಳು ಇದಕ್ಕಿಂತ ಹೇಳಿಕೊಳ್ಳುವಷ್ಟು ಮೇಲೇನೂ ಅಲ್ಲ, ಆ ಸಂಖ್ಯೆ ಮೆಮೊರಿಯದ್ದು, ವೇಗದ್ದಲ್ಲ. ನಿಜವಾಗಿ ಆಟಕ್ಕಾಗುವ ಕಾರ್ಡ್ ಹಾಕಿದರೆ ಹತ್ತು ವರ್ಷದ ಎಸ್‌ಎಂಪಿಎಸ್ ಮೇಲೆ ಹೊರೆ ಬೀಳುತ್ತದೆ. ಅದರೊಳಗಿನ ಕೆಪಾಸಿಟರ್‌ಗಳು ಇಷ್ಟು ಹೊತ್ತಿಗೆ ಒಣಗಿರುತ್ತವೆ, ಸ್ಟಿಕ್ಕರ್ ಮೇಲೆ 450 ವ್ಯಾಟ್ ಎಂದಿರುವ ಲೋಕಲ್ ಎಸ್‌ಎಂಪಿಎಸ್‌ಗಳು ಹೊಸದಿದ್ದಾಗಲೂ ಅಷ್ಟು ಕೊಡುವುದಿಲ್ಲ. ಹೋಗುವಾಗ ಒಂಟಿಯಾಗಿ ಹೋಗದೆ ಬೋರ್ಡನ್ನೂ ಕರೆದುಕೊಂಡು ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ರೀಸ್ಟಾರ್ಟ್ ನಿಲ್ಲದಿದ್ದರೆ 80 ಪ್ಲಸ್ ಬ್ರಾಂಜ್ ಗುರುತಿನ ಒಂದು 450 ವ್ಯಾಟ್ ಎಸ್‌ಎಂಪಿಎಸ್ ಕೊಳ್ಳಿ. ನಿಂತರೆ ಅದೂ ಸದ್ಯಕ್ಕೆ ಬೇಡ.

ಸೆಲ್, ಎಸ್‌ಎಸ್‌ಡಿ, ಪೇಸ್ಟ್, ಬೇಕಿದ್ದರೆ ಯುಪಿಎಸ್ ಬ್ಯಾಟರಿ, ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಬೇಕು.

ಉಳಿದದ್ದು ವಿಂಡೋಸ್. ಈ ಒಂದು ವಿಷಯದಲ್ಲಿ ನಿಮ್ಮ ಅಂಗಡಿಯವರ ಮಾತಲ್ಲಿ ಹುರುಳಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆಯ ಸಿಸ್ಟಮ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಕೊಡುವ ಯೋಜನೆ ಮಾಡಿದರು, ಆದರೆ ಅದನ್ನೇ ನೆಚ್ಚಿಕೊಂಡು ಅಂಗಡಿ ನಡೆಸಲಾಗುವುದಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎನ್ನುವ ಸುರಕ್ಷತೆಯ ವ್ಯವಸ್ಥೆ ಸಿಸ್ಟಮ್‌ನಲ್ಲಿ ಬೇಕು, ಇಂಟೆಲ್ ಆದರೆ 8ನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಬೇಕು. ನಿಮ್ಮದು 4ನೇ ಪೀಳಿಗೆ. ಅಡ್ಡದಾರಿಯಿಂದ ಹಾಕುವವರಿದ್ದಾರೆ, ಹಾಕಿದರೆ ನಡೆಯುತ್ತದೆ ಕೂಡ. ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ, ಯಾವತ್ತು ನಿಲ್ಲುತ್ತದೋ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಮನೆಯ ಸಿಸ್ಟಮ್ ಆಗಿದ್ದರೆ ಮಾಡಿ ನೋಡಿ ಎನ್ನುತ್ತಿದ್ದೆ. ನಿಮ್ಮಲ್ಲಿ ದಿನಾ ಹತ್ತಾರು ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಬರುತ್ತದೆ, ಅವರ ಫೋನ್‌ಗೆ ಬಂದ ಒಟಿಪಿಯನ್ನು ನೀವು ಟೈಪ್ ಮಾಡುತ್ತೀರಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಕೆಲಸವನ್ನು ಅಪ್‌ಡೇಟ್ ಇಲ್ಲದ ಸಿಸ್ಟಮ್‌ನಲ್ಲಿ ಮಾಡುವುದಿಲ್ಲ.

ನನ್ನ ಸಲಹೆ ಕೆಲಸವನ್ನೇ ಎರಡು ಪಾಲು ಮಾಡಿ ಎನ್ನುವುದು. ಈ ಸಿಸ್ಟಮ್‌ಗೆ ಎಸ್‌ಎಸ್‌ಡಿ ಹಾಕಿ ಪೇಜ್‌ಮೇಕರ್, ಕೋರೆಲ್, ಫೋಟೊಶಾಪ್‌ಗೆ ಇಟ್ಟುಕೊಳ್ಳಿ, ಇಂಟರ್ನೆಟ್ ವೈರ್ ಕಿತ್ತುಬಿಡಿ. ಬೆಂಬಲ ಮುಗಿದ ವಿಂಡೋಸ್ ಇಂಟರ್ನೆಟ್ ಇಲ್ಲದೆ ಆರಾಮಾಗಿ ವರ್ಷಗಟ್ಟಲೆ ದುಡಿಯುತ್ತದೆ. ಗಿರಾಕಿಗಳು ತರುವ ಪೆನ್‌ಡ್ರೈವ್ ಒಂದು ಅಪಾಯ ಉಳಿಯುತ್ತದೆ, ಅದನ್ನು ಇನ್ನೊಂದು ಸಿಸ್ಟಮ್‌ನಲ್ಲಿ ಸ್ಕ್ಯಾನ್ ಮಾಡಿಯೇ ಇದಕ್ಕೆ ಹಾಕಿ. ಅರ್ಜಿ ಕೆಲಸಕ್ಕೆ ಕಂಪನಿಗಳು ಬಿಟ್ಟ 8ನೇ ಪೀಳಿಗೆಯ ರಿಫರ್ಬಿಶ್ಡ್ ಡೆಸ್ಕ್‌ಟಾಪ್ ಒಂದನ್ನು ನೋಡಿ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಇಂಥವು ರಾಶಿ ಸಿಗುತ್ತವೆ, ಐ5-8500ರಂಥದ್ದರಲ್ಲಿ ಆರು ಕೋರ್ ಇದೆ, ವಿಂಡೋಸ್ 11 ರಾಜಮಾರ್ಗದಲ್ಲೇ ಬರುತ್ತದೆ. ಕೊಳ್ಳುವಾಗ ಅಲ್ಲೇ ಆನ್ ಮಾಡಿಸಿ, ಎಲ್ಲ ಯುಎಸ್‌ಬಿ ಪೋರ್ಟ್‌ಗೂ ಪೆನ್‌ಡ್ರೈವ್ ಚುಚ್ಚಿ ನೋಡಿ, ವಾರಂಟಿ ಎಷ್ಟು ತಿಂಗಳು ಎಂದು ಬಿಲ್ ಮೇಲೆ ಬರೆಸಿಕೊಳ್ಳಿ. ಇವುಗಳಲ್ಲಿ ಒಂದು ಕೊರತೆ ಇದೆ. ಕಂಪನಿ ಸಿಸ್ಟಮ್‌ಗಳ ಎಸ್‌ಎಂಪಿಎಸ್ ಬಹಳಷ್ಟು ಸಲ ಅವರದೇ ಅಳತೆಯದು, ಮಾಮೂಲಿನದು ಒಳಗೆ ಕೂರುವುದಿಲ್ಲ, ಕೆಟ್ಟರೆ ಅದೇ ಮಾದರಿ ಹುಡುಕಬೇಕು. ಚಪ್ಪಟೆ ಮಾದರಿಗೆ ಅರ್ಧ ಎತ್ತರದ ಕಾರ್ಡ್ ಬಿಟ್ಟು ಬೇರೆ ಹಿಡಿಸುವುದಿಲ್ಲ, ಅದನ್ನು ಮಗನಿಗೆ ಮೊದಲೇ ಹೇಳಿಬಿಡಿ.

ಎರಡು ಸಿಸ್ಟಮ್ ಇಡಲು ಜಾಗ ಇಲ್ಲ, ಒಂದೇ ಸಾಕು ಎನ್ನುವುದಾದರೆ ಆಗ 48,000ದ ಮಾತು ಯೋಚಿಸಬಹುದು. ಆದರೂ ಅದರಲ್ಲಿ ಯಾವ ಬೋರ್ಡ್, ಯಾವ ಎಸ್‌ಎಂಪಿಎಸ್, ಎಷ್ಟು ಜಿಬಿ ಎಸ್‌ಎಸ್‌ಡಿ, ವಿಂಡೋಸ್ ಲೈಸೆನ್ಸ್ ಸೇರಿದೆಯೋ ಇಲ್ಲವೋ ಎಲ್ಲ ಸಾಲು ಸಾಲಾಗಿ ಬರೆಸಿಕೊಳ್ಳಿ, ಬರೀ ‘ಫುಲ್ ಸೆಟ್’ ಎಂದರೆ ಒಪ್ಪಬೇಡಿ. ಡಾಂಗಲ್ ಮತ್ತು ಪ್ರಿಂಟರ್ ವಿಂಡೋಸ್ 11ರಲ್ಲಿ ನಡೆಯುವುದನ್ನು ಅವರ ಅಂಗಡಿಯಲ್ಲೇ ತೋರಿಸಲಿ, ಆಮೇಲೆ ದುಡ್ಡು ಕೊಡಿ. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿ ಎನ್ನುವುದೇ ಇಲ್ಲ, ಹಾಗಾಗಿ ಅವಕ್ಕೆ 64-ಬಿಟ್ ಡ್ರೈವರ್ ಬೇಕೇ ಬೇಕು.

ಹಳೆಯದಕ್ಕೆ 3,000 ಕಳೆಯುತ್ತೇನೆ ಎಂದಿದ್ದಾರಲ್ಲ, ಕೊಡುವುದಾದರೂ ಹಾರ್ಡ್ ಡಿಸ್ಕ್ ಬಿಚ್ಚಿಕೊಂಡು ಕೊಡಿ. ಐನೂರು ಕಮ್ಮಿ ಮಾಡಿಕೊಳ್ಳಲಿ. ಹತ್ತು ವರ್ಷದಿಂದ ಊರಿನ ಜನರ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಿದ್ದು ಅದರಲ್ಲೇ ಇದೆ, ನೀವು ಡಿಲೀಟ್ ಮಾಡಿದ್ದೂ ಸೇರಿ.